ಶಾಸನಸಭೆಯಿಂದ ಪಾಠಶಾಲೆಗೆ: ಹೊರೇಸ್ ಮ್ಯಾನನ ಚರಿತ್ರೆ

ಶಾಲೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಕಟ್ಟಡವನ್ನೂ, ಅದನ್ನು ನಡೆಸಿದವರ ಹೆಸರುಗಳನ್ನೂ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಸಂಖ್ಯೆಯನ್ನೂ ಹೇಳಿ ಮುಗಿಸುವರು. ಇಂತಹ ಸ್ಮಾರಕ ಸಂಚಿಕೆಯಲ್ಲಿ ಅವೆಲ್ಲಕ್ಕೂ ತಕ್ಕ ಸ್ಥಳವುಂಟು. ಆದರೆ ನಮ್ಮ ಮಕ್ಕಳಿಗೆ ಕಲಿಸುವ ಉಪಾಧ್ಯಾಯಿನಿಗೆ ಕಲಿಸುವುದನ್ನು ಕಲಿಸಿದವರು ಯಾರು? ಹಾಗೆ ಕಲಿಸತಕ್ಕದ್ದೆಂದು ಮೊದಲು ಹಟ ಹಿಡಿದವರು ಯಾರು? ಈ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಇದಕ್ಕೆ ದೊರೆಯುವ ಉತ್ತರಗಳಲ್ಲಿ ಒಂದು, ಅಮೆರಿಕದ ಮ್ಯಾಸಚೂಸೆಟ್ಸ್ ಎಂಬ ಸಂಸ್ಥಾನದ ಶಾಸನಸಭೆಯಲ್ಲಿ ಹತ್ತು ವರ್ಷ ಕುಳಿತಿದ್ದ ಒಬ್ಬ ವಕೀಲನ ಜೀವನದಲ್ಲಿದೆ. ಆತನ ಹೆಸರು ಹೊರೇಸ್ ಮ್ಯಾನ್. ಮಹಾಪುರುಷರೆಂದರೆ ತಪ್ಪಿಲ್ಲದವರೆಂದು ನಾವು ತಿಳಿಯಬೇಕಾಗಿಲ್ಲ, ಈತನಲ್ಲಿಯೂ ಕೊರತೆಗಳಿದ್ದುವು. ಅವನ್ನೂ ಮರೆಮಾಡದೆ ಈ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡುತ್ತೇವೆ.

ಬಾಲ್ಯ

ಮ್ಯಾನನು 1796ನೆಯ ಇಸವಿ ಮೇ ತಿಂಗಳ 4ನೆಯ ತಾರೀಖಿನಂದು ಫ್ರಾಂಕ್ಲಿನ್ ಎಂಬ ಹಳ್ಳಿಯಲ್ಲಿ ಒಬ್ಬ ಬಡ ಬೇಸಾಯಗಾರನ ಮಗನಾಗಿ ಹುಟ್ಟಿದನು. ವರ್ಷದಲ್ಲಿ ಹತ್ತು ವಾರಗಳಿಗಿಂತ ಹೆಚ್ಚಾಗಿ ಶಾಲೆಗೆ ಹೋಗುವ ಅನುಕೂಲ ಆ ಹುಡುಗನಿಗೆ ಇರಲಿಲ್ಲ. ಮನೆಯವರೆಲ್ಲರೂ ಟೋಪಿಗಳಿಗಾಗಿ ಹುಲ್ಲನ್ನು ಹೆಣೆಯುತ್ತಿದ್ದರು. ತನ್ನ ಪಾಠಪುಸ್ತಕಗಳ ಬೆಲೆಯನ್ನು ಆತನು ಹುಲ್ಲು ಹೆಣೆದೇ ಸಂಪಾದಿಸಬೇಕಾಗಿತ್ತು. ಆದರೆ ಆ ಹಳ್ಳಿಗೆ ಒಂದು ಭಾಗ್ಯವಿತ್ತು. ಅದು ಬೆಂಜಮಿನ್ ಫ್ರಾಂಕ್ಲಿನ್ ಎಂಬ ಪ್ರಸಿದ್ಧ ಪುರುಷನ ಹೆಸರನ್ನು ಪಡೆದ ಊರು. ತಮ್ಮ ದೇವಾಲಯಕ್ಕೆ ಒಂದು ಗಂಟೆಯನ್ನು ದಾನಮಾಡಬೇಕೆಂದು ಊರಿನವರು ಆತನನ್ನು ಕೇಳಿಕೊಂಡಾಗ, ಸದ್ದಿಗಿಂತ ಬುದ್ಧಿ ಮೇಲೆಂದು ಹೇಳಿ ಆತನು ಗಂಟೆಗೆ ಬದಲಾಗಿ ಪುಸ್ತಕಗಳನ್ನು ಕಳುಹಿಸಿದನು. ಬಾಲಕನಾದ ಮ್ಯಾನನು ಓದಿ ಬೆಳೆದದ್ದು ಆ ಪುಸ್ತಕಗಳನ್ನೇ.

1809ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಅಣ್ಣನಾದ ಸ್ಟೀಫನ್ ಒಂದು ಭಾನುವಾರ ನೀರಿನಲ್ಲಿ ಮುಳುಗಿ ಸತ್ತನು. ಆ ಊರಿನ ಬೋಧಕನು ಶವಸಂಸ್ಕಾರದ ಸಮಯದಲ್ಲಿ ದುಃಖದಲ್ಲಿದ್ದ ತಾಯಿಗೆ ಸಮಾಧಾನದ ಮಾತನ್ನಾಡದೆ, ಕರ್ತನ ದಿನವನ್ನು ಮೀರಿದವರಿಗೆ ಒದಗುವ ದಂಡನೆಯನ್ನು ಕುರಿತು ಪ್ರಸಂಗಿಸಿದನಂತೆ. ಹದಿನಾಲ್ಕು ವರ್ಷದ ಹುಡುಗನ ಮನಸ್ಸಿನಲ್ಲಿ ಆ ಗಾಯವು ಕಡೆಯವರೆಗೂ ಮಾಯಲಿಲ್ಲ. ಆತನು ದೇವರನ್ನು ಬಿಡಲಿಲ್ಲ. ಆದರೆ ಭಯಪಡಿಸಿ ಕಲಿಸುವ ಧರ್ಮವನ್ನೂ ಭಯಪಡಿಸಿ ಕಲಿಸುವ ವಿದ್ಯೆಯನ್ನೂ ಬಿಟ್ಟನು. ಧರ್ಮೋಪದೇಶಮಾಡುವ ನಮ್ಮಂಥವರು ಈ ಸಂಗತಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು.

ಮುಂದೆ ಒಬ್ಬ ಸಂಚಾರಿ ಉಪಾಧ್ಯಾಯನ ಹತ್ತಿರ ಆರೇ ತಿಂಗಳಲ್ಲಿ ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಸಾಧಿಸಿ, 1816ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯವನ್ನು ಎರಡನೆಯ ವರ್ಷದ ತರಗತಿಗೇ ಸೇರಿ, 1819ರಲ್ಲಿ ಮೊದಲನೆಯವನಾಗಿ ತೇರ್ಗಡೆಹೊಂದಿದನು. ಬಳಿಕ ನ್ಯಾಯಶಾಸ್ತ್ರವನ್ನು ಕಲಿತು 1823ರಲ್ಲಿ ವಕೀಲನಾದನು.

ಶಾಸನಸಭೆಯಲ್ಲಿ

1827ರಲ್ಲಿ ಡೆಡ್‌ಹ್ಯಾಮ್ ಊರಿನವರು ಮ್ಯಾನನನ್ನು ಸಂಸ್ಥಾನದ ಪ್ರತಿನಿಧಿಸಭೆಗೆ ಆರಿಸಿ ಕಳುಹಿಸಿದರು. ಆ ಕಾಲದಲ್ಲಿ ಬುದ್ಧಿಭ್ರಮೆಯುಳ್ಳವರನ್ನು ಸೆರೆಮನೆಗಳಲ್ಲಿ ಕಳ್ಳಕಾಕರ ಸಂಗಡ ಕೂಡಿಹಾಕುವ ಪದ್ಧತಿಯಿತ್ತು. ಅವರು ಅಪರಾಧಿಗಳಲ್ಲ, ರೋಗಿಗಳು ಎಂದು ಮ್ಯಾನನು ವಾದಿಸಿ, ವುಸ್ಟರ್ ಎಂಬಲ್ಲಿ ಸಂಸ್ಥಾನದ ಖರ್ಚಿನಿಂದಲೇ ಒಂದು ಆಸ್ಪತ್ರೆಯನ್ನು ಕಟ್ಟಿಸುವಂತೆ ಮಾಡಿದನು. ಅದು 1833ರಲ್ಲಿ ತೆರೆಯಿತು. ಅಷ್ಟರಲ್ಲಿ ಆತನ ಸ್ವಂತ ಮನೆಯ ದೀಪವು ಆರಿಹೋಗಿತ್ತು. 1830ರಲ್ಲಿ ಮದುವೆಯಾಗಿದ್ದ ಷಾರ್ಲೆಟ್ ಎಂಬ ಪತ್ನಿಯು 1832ನೆಯ ಆಗಸ್ಟ್ ತಿಂಗಳಲ್ಲಿ ತೀರಿಕೊಂಡಳು. ಅದರ ಮೇಲೆ ಸಹೋದರನ ವ್ಯಾಪಾರವು ಮುರಿದು, ಹೊಣೆ ನಿಂತಿದ್ದ ಮ್ಯಾನನ ತಲೆಯ ಮೇಲೆ ಸಾಲದ ಹೊರೆ ಬಿದ್ದಿತು. ಬಾಸ್ಟನ್ ನಗರಕ್ಕೆ ಬಂದು, ಬಾಡಿಗೆಯನ್ನು ಉಳಿಸುವುದಕ್ಕಾಗಿ ತನ್ನ ಕಚೇರಿಯಲ್ಲಿಯೇ ಮಲಗುತ್ತ, ಆ ಸಾಲವನ್ನು ತೀರಿಸುವುದಕ್ಕೆ ದುಡಿದನು.

ಮಿತ್ರರ ಒತ್ತಾಯದಿಂದ ಆತನು ಸಂಸ್ಥಾನದ ಸೆನೆಟ್ ಎಂಬ ಮೇಲಣ ಸಭೆಗೆ ನಿಂತು ಗೆದ್ದನು. 1836ರಲ್ಲಿ ಆ ಸಭೆಯ ಅಧ್ಯಕ್ಷನಾದನು. ವಯಸ್ಸು ನಲವತ್ತು, ವಕೀಲಿವೃತ್ತಿಯಲ್ಲಿ ಹೆಸರು, ಮುಂದೆ ಇನ್ನೂ ದೊಡ್ಡ ಪದವಿಗಳ ನಿರೀಕ್ಷೆ. ಇಂತಿರಲು 1837ನೆಯ ಏಪ್ರಿಲ್ 20ರಂದು ಗವರ್ನರನಾದ ಎಡ್ವರ್ಡ್ ಎವರೆಟ್ಟನು ಒಂದು ಹೊಸ ಶಾಸನಕ್ಕೆ ರುಜು ಹಾಕಿದನು. ಅದರ ಪ್ರಕಾರ ಸಂಸ್ಥಾನಕ್ಕೆ ಒಂದು ವಿದ್ಯಾಭ್ಯಾಸ ಮಂಡಲಿಯೂ ಅದಕ್ಕೆ ಒಬ್ಬ ಕಾರ್ಯದರ್ಶಿಯೂ ಏರ್ಪಟ್ಟರು. ಮ್ಯಾನನು ಅಧ್ಯಕ್ಷಪೀಠವನ್ನೂ ವಕೀಲಿಯನ್ನೂ ಬಿಟ್ಟು ಆ ಕಾರ್ಯದರ್ಶಿಯ ಕೆಲಸವನ್ನು ಒಪ್ಪಿಕೊಂಡನು. ಸಂಬಳ ವರ್ಷಕ್ಕೆ 1500 ಡಾಲರು. ಅಧಿಕಾರವೋ, ಏನೂ ಇಲ್ಲ. ಒಂದು ಶಾಲೆಯನ್ನು ತೆರೆ ಎನ್ನುವುದಕ್ಕಾಗಲಿ, ಒಬ್ಬ ಉಪಾಧ್ಯಾಯನನ್ನು ತೆಗೆ ಎನ್ನುವುದಕ್ಕಾಗಲಿ ಆತನಿಗೆ ಹಕ್ಕಿರಲಿಲ್ಲ. ವಿಷಯಗಳನ್ನು ಸಂಗ್ರಹಿಸುವುದು, ಜನರಿಗೆ ತಿಳಿಸುವುದು, ಇಷ್ಟೇ ಕೆಲಸ. ಮಿತ್ರರು ಆಶ್ಚರ್ಯಪಟ್ಟರು. ಮ್ಯಾನನಾದರೋ, ಇನ್ನು ಮೇಲೆ ಮುಂದಿನ ತಲೆಮಾರೇ ತನ್ನ ಕಕ್ಷಿಗಾರರೆಂದು ಒಬ್ಬ ಸ್ನೇಹಿತನಿಗೆ ಬರೆದನು.

ಕುದುರೆಯ ಮೇಲೆ ಶಾಲೆಗಳ ಸಂದರ್ಶನ

ಮ್ಯಾಸಚೂಸೆಟ್ಸ್ ವಿದ್ಯೆಯನ್ನು ಅರಿಯದ ನಾಡೇನೂ ಅಲ್ಲ. ಐವತ್ತು ಕುಟುಂಬಗಳಿರುವ ಪ್ರತಿಯೊಂದು ಊರೂ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದು 1647ರಲ್ಲಿಯೇ ಅಲ್ಲಿ ಕಟ್ಟಳೆಯಾಗಿತ್ತು. ಆದರೆ ಇನ್ನೂರು ವರ್ಷಗಳೊಳಗೆ ಆ ಕಟ್ಟಳೆಯ ಸತ್ವವು ಕುಗ್ಗಿತ್ತು. ಮ್ಯಾನನು ಕುದುರೆಯೇರಿ ಸಂಸ್ಥಾನದ ಊರೂರಿಗೆ ಹೋಗಿ ನೋಡಿದನು. ದಾರಿಯ ಪಕ್ಕದಲ್ಲಿ ಒಂದೇ ಕೋಣೆಯ ಶಾಲೆಗಳು. ಗಾಳಿಗೂ ಚಳಿಗೂ ತಡೆಯಿಲ್ಲದ ಗೋಡೆಗಳು. ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳು. ಒಬ್ಬೊಬ್ಬ ಮಗುವಿನ ಕೈಯಲ್ಲಿ ಒಂದೊಂದು ಬಗೆಯ ಪುಸ್ತಕ. ಉಳ್ಳವರ ಮಕ್ಕಳು ಹಣಕೊಟ್ಟು ಖಾಸಗಿ ಶಾಲೆಗಳಿಗೆ ಹೋಗುತ್ತಿದ್ದುದರಿಂದ, ಊರ ಶಾಲೆಯು ಹಾಳಾದರೂ ಊರ ಹಿರಿಯರಿಗೆ ನೋವು ತಟ್ಟುತ್ತಿರಲಿಲ್ಲ. ಕಲಿಸುವವರಿಗೆ ಕಲಿಸುವ ಕಲೆ ತಿಳಿಯದು, ಬೆತ್ತವೊಂದು ತಿಳಿದಿತ್ತು.

ಮ್ಯಾನನ ಸಿದ್ಧಾಂತವು ಸರಳವಾದುದು. ಬಡವನ ಮಗುವೂ ಧನಿಕನ ಮಗುವೂ ಒಂದೇ ಬೆಂಚಿನ ಮೇಲೆ ಕುಳಿತು ಓದಬೇಕು. ಆ ಶಾಲೆಯು ಧನಿಕನೂ ಮೆಚ್ಚಿ ಕಳುಹಿಸುವಷ್ಟು ಚೆನ್ನಾಗಿರಬೇಕು. ಅದರ ಖರ್ಚನ್ನು ಮಕ್ಕಳಿರಲಿ ಇಲ್ಲದಿರಲಿ ಎಲ್ಲ ಪ್ರಜೆಗಳೂ ಹೊರಬೇಕು. ಇದನ್ನೇ ಆತನು ಹನ್ನೆರಡು ವರ್ಷ, ಹನ್ನೆರಡು ವಾರ್ಷಿಕ ವರದಿಗಳಲ್ಲಿ ಬರೆದನು. 1838ರಲ್ಲಿ ಇದಕ್ಕಾಗಿ ಒಂದು ಪತ್ರಿಕೆಯನ್ನೂ ಆರಂಭಿಸಿದನು. ಅಧಿಕಾರವಿಲ್ಲದವನಿಗೆ ಮಾತೂ ದುಡಿಮೆಯೂ ಹೊರತು ಬೇರೆ ಆಯುಧವೆಲ್ಲಿ? ಒಮ್ಮೆ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಉಪಾಧ್ಯಾಯರ ಸಮ್ಮೇಳನಕ್ಕೆಂದು ಹೋದಾಗ ಶಾಲೆಯ ಕೋಣೆಯು ಕಸದಿಂದ ತುಂಬಿತ್ತು. ಆಗ ಗವರ್ನರನಾಗಿದ್ದ ಬ್ರಿಗ್ಸ್ ಎಂಬವನು ಸಂಗಡವೇ ಇದ್ದನು. ಇಬ್ಬರೂ ಪೊರಕೆಗಳನ್ನು ಎರವಲು ತಂದು, ಉಪಾಧ್ಯಾಯರು ಬರುವಷ್ಟರಲ್ಲಿ ಕೋಣೆಯನ್ನು ತಾವೇ ಗುಡಿಸಿ ಶುಚಿಮಾಡಿದರು.

ಮೂವರು ಹುಡುಗಿಯರು

ಒಳ್ಳೆಯ ಶಾಲೆಗೆ ಮೊದಲು ಬೇಕಾದುದು ಒಳ್ಳೆಯ ಉಪಾಧ್ಯಾಯರು. 1838ರಲ್ಲಿ ಎಡ್ಮಂಡ್ ಡ್ವೈಟ್ ಎಂಬ ಬಾಸ್ಟನ್ನಿನ ವರ್ತಕನು ಉಪಾಧ್ಯಾಯರನ್ನು ತರಬೇತು ಮಾಡುವುದಕ್ಕಾಗಿ 10,000 ಡಾಲರು ಕೊಡುವೆನೆಂದೂ, ಸಂಸ್ಥಾನವೂ ಅಷ್ಟೇ ಕೊಡಬೇಕೆಂದೂ ಹೇಳಿದನು. ಶಾಸನಸಭೆಯ ಒಳಹೊರಗನ್ನು ಬಲ್ಲ ಮ್ಯಾನನು ಆ ಹಣವನ್ನು ಮಂಜೂರು ಮಾಡಿಸಿದನು. ಫ್ರಾನ್ಸ್ ಪ್ರಷ್ಯ ದೇಶಗಳ ಮಾದರಿಯನ್ನನುಸರಿಸಿ ಈ ಸಂಸ್ಥೆಗಳಿಗೆ 'ನಾರ್ಮಲ್ ಸ್ಕೂಲ್' ಎಂಬ ಹೆಸರಾಯಿತು. ಕಲಿಸುವ ಕ್ರಮಕ್ಕೆ ಮಾದರಿಯಾದ ಶಾಲೆಯೆಂದು ಇದರ ಅರ್ಥ. ನಮ್ಮ ನಾಡಿನಲ್ಲಿಯೂ ಬಹುಕಾಲ ಉಪಾಧ್ಯಾಯರ ತರಬೇತಿನ ಶಾಲೆಗಳನ್ನು ಇದೇ ಹೆಸರಿನಿಂದ ಕರೆಯುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು.

ಅಮೆರಿಕದಲ್ಲಿ ಸರ್ಕಾರದಿಂದ ನಡೆದ ಇಂತಹ ಮೊತ್ತಮೊದಲನೆಯ ಶಾಲೆಯು 1839ನೆಯ ಜುಲೈ 3ರಂದು ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ತೆರೆಯಿತು. ಅದು ಸ್ತ್ರೀಯರಿಗಾಗಿಯೇ ಏರ್ಪಟ್ಟ ಶಾಲೆ. ಇಷ್ಟು ವಾದ, ಇಷ್ಟು ಪ್ರಯಾಣ, ಇಷ್ಟು ಹಣ ಇವೆಲ್ಲಾ ಆದ ಮೇಲೆ ಆ ದಿನ ಪ್ರವೇಶಪರೀಕ್ಷೆಗೆ ಬಂದ ಹುಡುಗಿಯರು ಎಷ್ಟು ಮಂದಿ? ಮೂವರು.

ಈ ಸಂಖ್ಯೆಯನ್ನು ಕಂಡು ವಿರೋಧಿಗಳು ನಗುವುದು ಸಹಜವಾಗಿತ್ತು. ಆದರೆ ಆ ಶಾಲೆಯ ಮುಖ್ಯೋಪಾಧ್ಯಾಯನಾದ ಸೈರಸ್ ಪಿಯರ್ಸ್ ಎಂಬವನು ಮೂವರಿಗೆ ಪಾಠ ಹೇಳುವುದನ್ನೂ ಮುನ್ನೂರು ಮಂದಿಗೆ ಹೇಳುವಷ್ಟೇ ಶ್ರದ್ಧೆಯಿಂದ ಆರಂಭಿಸಿದನು. ಒಲೆಗೆ ಬೆಂಕಿಯಿಡುವುದು, ಹಿಮವನ್ನು ಎತ್ತಿಹಾಕುವುದು ಮೊದಲಾಗಿ ಆಳಿನ ಕೆಲಸಗಳನ್ನೂ ತಾನೇ ಮಾಡುತ್ತ, ರಾತ್ರಿಯಲ್ಲಿ ಕೆಲವೇ ಗಂಟೆ ನಿದ್ರಿಸುತ್ತ ಶಾಲೆಯನ್ನು ನಡೆಸಿದನು. ಸತ್ಯಕ್ಕೆ ತಕ್ಕಂತೆ ಬಾಳಿರಿ ಎಂಬುದೇ ವಿದ್ಯಾರ್ಥಿನಿಯರಿಗೆ ಆತನ ನಿತ್ಯದ ಬುದ್ಧಿವಾದ. ಮೊದಲ ತರಗತಿಯ ಸಂಖ್ಯೆಯು ಕ್ರಮೇಣ ಇಪ್ಪತ್ತೈದಕ್ಕೆ ಏರಿತು.

ಆ ಇಪ್ಪತ್ತೈದು ಮಂದಿಯಲ್ಲಿ ಮೇರಿ ಸ್ವಿಫ್ಟ್ ಎಂಬವಳೊಬ್ಬಳಿದ್ದಳು. ಅವಳು ಕಲಿತು ಹೊರಬಂದು ಬಾಸ್ಟನ್ನಿನ ಅಂಧರ ಶಾಲೆಯಲ್ಲಿ ಲಾರಾ ಬ್ರಿಡ್ಜ್‌ಮನ್ ಎಂಬ ಕಿವುಡಿಯೂ ಕುರುಡಿಯೂ ಆದ ಬಾಲಕಿಗೆ ಉಪಾಧ್ಯಾಯಿನಿಯಾದಳು. ಅಂಗೈಯ ಮೇಲೆ ಬೆರಳಿನಿಂದ ಅಕ್ಷರಗಳನ್ನು ಮೂಡಿಸಿ ಲಾರಾಳಿಗೆ ಪಾಠ ಹೇಳುತ್ತಿದ್ದರು. ಮುಂದೆ ಅದೇ ಶಾಲೆಯಲ್ಲಿ ಓದಿದ ಆನ್ ಸಲಿವನ್ ಎಂಬವಳು, ವೃದ್ಧಾಪ್ಯದ ಅಂಚಿನಲ್ಲಿದ್ದ ಲಾರಾಳಿಂದ ಆ ಬೆರಳಿನ ಭಾಷೆಯನ್ನು ಅರಿತುಕೊಂಡು, 1887ರಲ್ಲಿ ಹೆಲೆನ್ ಕೆಲ್ಲರಳಿಗೆ ಅದನ್ನು ಕಲಿಸಿದಳು. ಹೆಲೆನ್ ಕೆಲ್ಲರಳ ಹೆಸರನ್ನು ಕೇಳದ ಶಾಲಾಬಾಲಿಕೆಯು ನಮ್ಮಲ್ಲಿ ಅಪರೂಪ. ಸಾಸಿವೆಯ ಕಾಳಿನ ಸಾಮ್ಯವನ್ನು ನಾವು ಭಾನುವಾರದ ಪಾಠದಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೇವೆ. ಅದು ಮರವಾಗುವುದನ್ನು ಚರಿತ್ರೆಯಲ್ಲಿ ನೋಡಬೇಕೆನ್ನುವವರು ಇಲ್ಲಿ ನೋಡಬಹುದು.

ವಿರೋಧ

1839ರ ಚುನಾವಣೆಯಲ್ಲಿ ಎವರೆಟ್ಟನು ಒಂದೇ ಒಂದು ಮತದಿಂದ ಸೋತನು. ಸರ್ಕಾರವು ಬದಲಾಯಿತು. 1840ರಲ್ಲಿ ಪ್ರತಿನಿಧಿಸಭೆಯ ಒಂದು ಸಮಿತಿಯು, ವಿದ್ಯಾಭ್ಯಾಸ ಮಂಡಲಿಯನ್ನೂ ನಾರ್ಮಲ್ ಶಾಲೆಗಳನ್ನೂ ರದ್ದುಮಾಡಿ ಡ್ವೈಟನ ಹಣವನ್ನು ಹಿಂದಕ್ಕೆ ಕೊಡಬೇಕೆಂದು ಸಲಹೆಮಾಡಿತು. ಸಂಸ್ಥಾನವು ಊರುಗಳ ಸ್ವಾತಂತ್ರ್ಯಕ್ಕೆ ಕೈಹಾಕುತ್ತಿದೆ, ಪ್ರಷ್ಯದ ಅರಸರ ಪದ್ಧತಿಯನ್ನು ಸ್ವತಂತ್ರ ಪ್ರಜೆಗಳ ಮೇಲೆ ಹೇರುತ್ತಿದೆ ಎಂಬುದು ಅವರ ವಾದ. ಮತಕ್ಕೆ ಹಾಕಿದಾಗ ಸಲಹೆಯ ಪರವಾಗಿ 182, ವಿರುದ್ಧವಾಗಿ 245 ಮತಗಳು ಬಿದ್ದುವು. ಇನ್ನು ಮೂವತ್ತೆರಡು ಮಂದಿ ಆ ಕಡೆಗೆ ತಿರುಗಿದ್ದರೆ, ಲೆಕ್ಸಿಂಗ್ಟನ್ ಶಾಲೆಯು ಒಂದು ವರ್ಷವೂ ತುಂಬದ ಕೂಸಾಗಿಯೇ ಕಣ್ಣುಮುಚ್ಚುತ್ತಿತ್ತು.

ಎರಡನೆಯ ಕಲಹವು ಉಪಾಧ್ಯಾಯರಿಂದಲೇ ಬಂದಿತು. 1843ರಲ್ಲಿ ಮ್ಯಾನನು ಮೇರಿ ಪೀಬಡಿ ಎಂಬ ವಿದ್ಯಾವತಿಯನ್ನು ವಿವಾಹವಾಗಿ ಯೂರೋಪಿಗೆ ಪ್ರಯಾಣಮಾಡಿದನು. ಮದುವೆಯ ಪ್ರಯಾಣದಲ್ಲಿಯೂ ಆತನು ನೋಡಿದ್ದು ಶಾಲೆಗಳನ್ನೇ! ಪ್ರಷ್ಯದ ಶಾಲೆಗಳಲ್ಲಿ ಉಪಾಧ್ಯಾಯನು ಪುಸ್ತಕವನ್ನು ಕೈಯಲ್ಲಿ ಹಿಡಿಯದೆ ಮಕ್ಕಳ ನಡುವೆ ನಿಂತು ಪಾಠ ಹೇಳುವುದನ್ನೂ, ಅಲ್ಲಿ ಹೊಡೆತವಿಲ್ಲದಿರುವುದನ್ನೂ ತನ್ನ ಏಳನೆಯ ವರದಿಯಲ್ಲಿ ಹೊಗಳಿದನು. ಇದು ತಮ್ಮನ್ನು ಹಳಿಯುವುದಕ್ಕಾಗಿಯೇ ಬರೆದದ್ದೆಂದು ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು 1844ರಲ್ಲಿ ಒಂದು ಪುಸ್ತಕವನ್ನೇ ಅಚ್ಚುಹಾಕಿಸಿ, ದಂಡನೆಯಿಲ್ಲದೆ ಶಾಲೆ ನಡೆಯದೆಂದು ವಾದಿಸಿದರು. ಮ್ಯಾನನು ಮರುನುಡಿದನು, ಅವರೂ ಮತ್ತೆ ಬರೆದರು. ಆತನ ಮಾತಿನಲ್ಲಿ ಖಾರವು ಸ್ವಲ್ಪ ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು.

ಮೂರನೆಯದು ಧರ್ಮಬೋಧೆಯನ್ನು ಕುರಿತದ್ದು. ಮಿಶನ್ ಶಾಲೆಯವರಾದ ನಾವು ಇದನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಯಾವುದೇ ಒಂದು ಪಂಗಡದ ಮತವನ್ನು ಬೋಧಿಸುವ ಪುಸ್ತಕಗಳನ್ನು ಸಾರ್ವಜನಿಕ ಶಾಲೆಗಳಲ್ಲಿ ಇಡಕೂಡದೆಂದು ಮ್ಯಾಸಚೂಸೆಟ್ಸಿನಲ್ಲಿ 1827ರಿಂದಲೂ ಕಾಯಿದೆಯಿತ್ತು. ಶಾಲೆಯಲ್ಲಿ ಸತ್ಯವೇದವನ್ನು ಓದಲಿ, ಆದರೆ ವ್ಯಾಖ್ಯಾನವು ಬೇಡ. ಪಂಗಡದ ಉಪದೇಶವು ಮನೆಗೂ ಸಭೆಗೂ ಸೇರಿದ್ದು ಎಂದು ಮ್ಯಾನನು ಹೇಳಿದನು. ದೇವರನ್ನು ಶಾಲೆಯಿಂದ ಹೊರದೂಡಿದನೆಂದು ಕೆಲವು ಬೋಧಕರು ಆತನನ್ನು ನಿಂದಿಸಿದರು. ಅತ್ತ ರೋಮನ್ ಕ್ಯಾಥೊಲಿಕರಿಗೆ, ಪ್ರಾಟೆಸ್ಟೆಂಟರ ಸತ್ಯವೇದವನ್ನು ತಮ್ಮ ಮಕ್ಕಳಿಗೂ ಓದಿಸುವುದೇ ಪಂಗಡದ ಉಪದೇಶವಾಗಿ ಕಂಡಿತು. ಆತನು ಕಂಡುಕೊಂಡ ಪರಿಹಾರವು ಪೂರ್ತಿಯಾದುದಲ್ಲ. ಆದರೂ ಬೇರೆ ಬೇರೆ ಮನೆಗಳಿಂದ ಬರುವ ಮಕ್ಕಳನ್ನು ಒಂದೇ ಸೂರಿನ ಕೆಳಗೆ ಸೇರಿಸುವವರು, ಅವರ ತಾಯಿತಂದೆಗಳ ಮನಸ್ಸಾಕ್ಷಿಯನ್ನು ಗೌರವಿಸತಕ್ಕದ್ದೆಂಬ ತತ್ವವನ್ನು ನಾವೂ ಒಪ್ಪುತ್ತೇವೆ.

ಕೊರತೆಗಳು

ಈಗ ಆತನ ಕೊರತೆಗಳನ್ನು ಹೇಳೋಣ. ಮಕ್ಕಳಿಗೆ ಕಲಿಸುವುದಕ್ಕೆ ಸ್ತ್ರೀಯರೇ ಹೆಚ್ಚು ತಕ್ಕವರೆಂದು ಮ್ಯಾನನು ಎಡೆಬಿಡದೆ ಸಾರಿದನು. ಆತನ ಕಾಲದಲ್ಲಿ ಉಪಾಧ್ಯಾಯಿನಿಯರ ಸಂಖ್ಯೆಯು ಬಹಳವಾಗಿ ಹೆಚ್ಚಿತು. ಆದರೆ ಊರಿನವರು ಅವರನ್ನು ಸಂತೋಷದಿಂದ ನೇಮಿಸಿಕೊಂಡದ್ದಕ್ಕೆ ಒಂದು ಕಾರಣ, ಅವರ ಸಂಬಳವು ಪುರುಷರ ಸಂಬಳದ ಅರ್ಧಕ್ಕಿಂತಲೂ ಕಡಿಮೆಯಾಗಿದ್ದುದು. ಸಂಬಳವನ್ನು ಹೆಚ್ಚಿಸಬೇಕೆಂದು ಆತನು ಹೇಳಿದನು, ಅದು ಹೆಚ್ಚಿತು, ಆದರೂ ಸಮವಾಗಲಿಲ್ಲ. ಸ್ತ್ರೀಗೆ ವಿದ್ಯೆ ಬೇಕೆಂದವನು ಅವಳಿಗೆ ಮತದ ಹಕ್ಕು ಬೇಕೆಂಬುದನ್ನು ಒಪ್ಪಲಿಲ್ಲ. ರಾಜಕಾರಣದ ಕೆಸರು ಅವಳಿಗೆ ತಕ್ಕದ್ದಲ್ಲವೆಂದು ನಂಬಿದ್ದನು. ಹೀಗೆ ಆತನು ತೆರೆದ ಬಾಗಿಲಿನಿಂದ ಹೊರಟವರು ಆತನೇ ನೋಡದಿದ್ದ ದೂರಕ್ಕೆ ನಡೆದರು.

ಇನ್ನೊಂದು ಕೊರತೆ. ಬಾಸ್ಟನ್ನಿನಲ್ಲಿ ನೀಗ್ರೋ ಮಕ್ಕಳಿಗೆ ಬೇರೆ ಶಾಲೆಗಳಿದ್ದುವು. ಆ ಭೇದವನ್ನು ಅಳಿಸಬೇಕೆಂದು ಹೋರಾಟವೆದ್ದಾಗ, ತನ್ನ ಶಾಲಾಕಾರ್ಯಕ್ಕೆ ಹೊಸ ಶತ್ರುಗಳು ಹುಟ್ಟಿಯಾರೆಂದು ಮ್ಯಾನನು ಬಹಿರಂಗವಾಗಿ ಮಾತನಾಡಲಿಲ್ಲ. ದಾಸ್ಯವಿಮೋಚನೆಯ ಪಕ್ಷದವರು ಇದನ್ನು ಕಠಿನವಾಗಿ ಖಂಡಿಸಿದರು. ಆ ಖಂಡನೆಯು ನ್ಯಾಯವಾದುದೇ. ಸಂಸ್ಥಾನದ ಶಾಲೆಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಶಾಸನವು 1855ರಲ್ಲಿ, ಆತನು ಆ ಪದವಿಯನ್ನು ಬಿಟ್ಟ ಮೇಲೆ ಬಂದಿತು.

ಮತ್ತೆ ರಾಜಕಾರಣಕ್ಕೆ

ಆದರೆ ಈ ವಿಷಯದಲ್ಲಿ ಮ್ಯಾನನು ಕಡೆಯವರೆಗೂ ಮೌನವಾಗಿರಲಿಲ್ಲ. 1848ರಲ್ಲಿ ಜಾನ್ ಕ್ವಿನ್ಸಿ ಆಡಮ್ಸನು ಮೃತನಾಗಲು, ಆತನ ಸ್ಥಾನಕ್ಕೆ ಮ್ಯಾನನನ್ನು ಆರಿಸಿ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಕಳುಹಿಸಿದರು. ಅದೇ ವರ್ಷ, 'ಪರ್ಲ್' ಎಂಬ ನೌಕೆಯಲ್ಲಿ ಗುಲಾಮರನ್ನು ಸ್ವಾತಂತ್ರ್ಯದ ಕಡೆಗೆ ಸಾಗಿಸಲು ಹೋಗಿ ಸಿಕ್ಕಿಬಿದ್ದ ಡ್ರೇಟನ್ ಎಂಬ ನಾವಿಕನ ಪರವಾಗಿ ಆತನು ನ್ಯಾಯಾಲಯದಲ್ಲಿ ವಾದಿಸಿದನು. 1850ರಲ್ಲಿ ಆ ಸಂಸ್ಥಾನದ ಅತ್ಯಂತ ಪ್ರಬಲ ಪುರುಷನಾದ ಡೇನಿಯಲ್ ವೆಬ್‌ಸ್ಟರನು, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಶಾಸನಕ್ಕೆ ಬೆಂಬಲ ಕೊಟ್ಟಾಗ, ಮ್ಯಾನನು ಹೆಸರು ಹಿಡಿದೇ ಅವನನ್ನು ಎದುರಿಸಿದನು. ಇದರಿಂದ ಸ್ವಪಕ್ಷದವರು ಆತನಿಗೆ ಉಮೇದುವಾರಿಯನ್ನು ನಿರಾಕರಿಸಿದರು. ಆತನು ಗುಲಾಮಗಿರಿಯ ವಿಸ್ತಾರವನ್ನು ವಿರೋಧಿಸುವ ಪಕ್ಷದಿಂದ ನಿಂತು ಗೆದ್ದನು. 1852ರಲ್ಲಿ ಗವರ್ನರ್ ಪದವಿಗೆ ಸ್ಪರ್ಧಿಸಿ ಸೋತನು. ಅದೇ ವರ್ಷ, ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಶಾಸನವನ್ನು ಅಮೆರಿಕದ ಸಂಸ್ಥಾನಗಳಲ್ಲಿ ಮೊದಲನೆಯದಾಗಿ ಮ್ಯಾಸಚೂಸೆಟ್ಸ್ ಮಾಡಿತು.

ಕೊನೆಯ ದಿನಗಳು

1853ರಲ್ಲಿ ಒಹಾಯೊ ಸಂಸ್ಥಾನದ ಎಲ್ಲೋ ಸ್ಪ್ರಿಂಗ್ಸ್ ಎಂಬಲ್ಲಿ ಒಂದು ಹೊಸ ಕಾಲೇಜು ತೆರೆಯಿತು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದ ಅಂತಿಯೋಕ್ಯ ಪಟ್ಟಣದ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮ್ಯಾನನು ಅದರ ಮೊದಲನೆಯ ಅಧ್ಯಕ್ಷನಾದನು. ಅಲ್ಲಿ ಹುಡುಗರೂ ಹುಡುಗಿಯರೂ ಒಂದೇ ಪಾಠವನ್ನು ಓದಿದರು. ವರ್ಣಭೇದವಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತಕ್ಕದ್ದೆಂದು ಆತನು ಪಟ್ಟುಹಿಡಿದನು. ಆತನ ಸೋದರಿಯ ಮಗಳಾದ ರೆಬೆಕ ಪೆನೆಲ್ ಎಂಬವಳು ಪುರುಷರಿಗೆ ಸಮಾನವಾದ ಪದವಿಯಲ್ಲಿ ಅಲ್ಲಿ ಪ್ರೊಫೆಸರಳಾದಳು. ಅವಳೂ ಲೆಕ್ಸಿಂಗ್ಟನ್ನಿನ ನಾರ್ಮಲ್ ಶಾಲೆಯಲ್ಲಿ ಕಲಿತವಳೇ.

ಕಾಲೇಜಿಗೆ ಹಣದ ಮುಗ್ಗಟ್ಟು ಬಿಡಲಿಲ್ಲ. 1859ರಲ್ಲಿ ಅದು ಹರಾಜಿಗೂ ಬಂದು ಮಿತ್ರರ ಕೈಯಿಂದ ಉಳಿಯಿತು. ಆ ವರ್ಷ ಪದವಿ ಪಡೆದವರಿಗೆ ಕೊಟ್ಟ ಬೀಳ್ಕೊಡುಗೆಯ ಉಪದೇಶದಲ್ಲಿ ಆತನು, ಮಾನವಕುಲಕ್ಕಾಗಿ ಯಾವುದಾದರೂ ಒಂದು ಜಯವನ್ನು ಸಂಪಾದಿಸದೆ ಸಾಯುವುದಕ್ಕೆ ನಾಚಿಕೊಳ್ಳಿರಿ ಎಂಬ ಅರ್ಥದ ಮಾತನ್ನಾಡಿದನು. ಕೆಲವು ವಾರಗಳೊಳಗೆ, ಆಗಸ್ಟ್ 2ರಂದು, ಆತನು ದೈವಾಧೀನನಾದನು.

ಬಾಸ್ಟನ್ನಿನ ಶಾಸನಸಭಾ ಮಂದಿರದ ಮುಂದೆ 1865ರಲ್ಲಿ ಮ್ಯಾನನ ಪ್ರತಿಮೆಯನ್ನು ನಿಲ್ಲಿಸಿದರು. ಅದರ ವೆಚ್ಚಕ್ಕೆ ಉಪಾಧ್ಯಾಯರೂ ಶಾಲಾಮಕ್ಕಳೂ ಕಾಸು ಕೂಡಿಸಿದರು. ಪ್ರತಿಮೆಯನ್ನು ರೂಪಿಸಿದವಳು ಎಮ್ಮಾ ಸ್ಟೆಬಿನ್ಸ್ ಎಂಬ ಸ್ತ್ರೀ. ಅದೇ ಮಂದಿರದ ಮುಂದೆ ಡೇನಿಯಲ್ ವೆಬ್‌ಸ್ಟರನ ಪ್ರತಿಮೆಯೂ ಇದೆ. ಬದುಕಿದ್ದಾಗ ಎದುರಾಳಿಗಳಾಗಿದ್ದವರು ಈಗ ಒಂದೇ ಅಂಗಳದಲ್ಲಿದ್ದಾರೆ. ಲೆಕ್ಸಿಂಗ್ಟನ್ನಿನ ಆ ಪುಟ್ಟ ಶಾಲೆಯು ಎರಡು ಸಲ ಊರು ಬದಲಾಯಿಸಿ, 1853ರಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬಲ್ಲಿ ನೆಲೆಯೂರಿ, ಈಗ ಒಂದು ವಿಶ್ವವಿದ್ಯಾನಿಲಯವಾಗಿದೆ.

ಪ್ರಿಯ ಸೋದರಿಯರೇ, ತಾಯಿತಂದೆಗಳೇ! ಸಭೆಯ ಅಧ್ಯಕ್ಷನಾಗಿ ಮ್ಯಾನನು ಮಾಡಿಸಿದ ತೀರ್ಮಾನಗಳನ್ನು ಇಂದು ನೆನೆಯುವವರು ವಿರಳ. ಆ ಪೀಠವನ್ನು ಬಿಟ್ಟು ಬಂದು, ಮೂವರು ಹುಡುಗಿಯರಿಗಾಗಿ ತೆರೆದ ಬಾಗಿಲನ್ನು ಜಗತ್ತು ನೆನೆಯುತ್ತದೆ. ನಮ್ಮ ಶಾಲೆಯಿಂದ ಹೊರಟ ನಿಮ್ಮಲ್ಲಿ ಅನೇಕರು ಇಂದು ಯಾವಯಾವುದೋ ಊರಿನಲ್ಲಿ, ಹೆಸರು ಯಾರಿಗೂ ತಿಳಿಯದ ಶಾಲೆಯಲ್ಲಿ, ಬೆರಳೆಣಿಕೆಯಷ್ಟು ಮಕ್ಕಳ ಮುಂದೆ ನಿಂತಿರಬಹುದು. ಮನೆಯಲ್ಲಿ ಒಂದೇ ಒಂದು ಮಗುವಿಗೆ ಅಕ್ಷರ ತಿದ್ದಿಸುತ್ತಿರಬಹುದು. ಹಾಜರಿಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದುವೆಂದು ಮನಸ್ಸು ಕುಂದಿದ ದಿನ, 1839ನೆಯ ಜುಲೈ ತಿಂಗಳ 3ನೆಯ ತಾರೀಖನ್ನು ನೆನಪಿಗೆ ತಂದುಕೊಳ್ಳಿರಿ.